ಉಕ್ಕಿನ ಫ್ಯಾಬ್ರಿಕೇಶನ್ ಉದ್ಯಮದಲ್ಲಿ ನಾಯಕತ್ವ ಮತ್ತು ಕಾರ್ಮಿಕರ ಕ್ಷೇಮ

ಉಕ್ಕಿನ ಫ್ಯಾಬ್ರಿಕೇಶನ್ ಉದ್ಯಮದಲ್ಲಿ ನಾಯಕತ್ವ ಮತ್ತು ಕಾರ್ಮಿಕರ ಕ್ಷೇಮ ಎಂಬುದು ಉಕ್ಕನ್ನು ಕತ್ತರಿಸಿ, ಬಾಗಿಸಿ, ಬೆಸೆದು ವಸ್ತುಗಳನ್ನು ತಯಾರಿಸುವ ಘಟಕಗಳಲ್ಲಿ ಕೆಲಸ ನಡೆಸುವವರ ನಿರ್ಧಾರಗಳಿಗೂ ಕೆಲಸಗಾರರ ಆರೋಗ್ಯ, ನೆಮ್ಮದಿ ಮತ್ತು ಜೀವನ ಭದ್ರತೆಗಳಿಗೂ ಇರುವ ಸಂಬಂಧವನ್ನು ಕುರಿತ ವಿಷಯವಾಗಿದೆ. ದೊಡ್ಡ ಕಾರ್ಖಾನೆಗಳಲ್ಲಿ ಈ ಹೊಣೆಯು ಆಡಳಿತ ಮಂಡಳಿ, ಸುರಕ್ಷತಾ ಅಧಿಕಾರಿ ಮತ್ತು ಮೇಲ್ವಿಚಾರಕರ ನಡುವೆ ಹಂಚಿಕೆಯಾಗಿರುತ್ತದೆ. ಸಣ್ಣ ಘಟಕಗಳಲ್ಲಿ ಮಾಲೀಕನೇ ಬಹುಮಟ್ಟಿಗೆ ಮುಖ್ಯ ಕುಶಲಕರ್ಮಿಯೂ ಮೇಲ್ವಿಚಾರಕನೂ ಆಗಿರುವುದರಿಂದ, ಕಾರ್ಮಿಕರ ಕ್ಷೇಮವು ಆತನ ದಿನನಿತ್ಯದ ನಡವಳಿಕೆಯನ್ನೇ ಹೆಚ್ಚಾಗಿ ಅವಲಂಬಿಸಿರುತ್ತದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಈ ಬಗೆಯ ಸಣ್ಣ ಘಟಕಗಳನ್ನು ಕಾಣಬಹುದು.

ಫ್ಯಾಬ್ರಿಕೇಶನ್ ಎಂದರೇನು

ಅದಿರಿನಿಂದ ಉಕ್ಕನ್ನು ತಯಾರಿಸುವುದು ಒಂದು ಉದ್ಯಮವಾದರೆ, ತಯಾರಾದ ತಗಡು, ಆಂಗಲ್, ಚಾನೆಲ್, ಪೈಪ್ ಮುಂತಾದವುಗಳಿಂದ ಬಳಕೆಯ ವಸ್ತುಗಳನ್ನು ರೂಪಿಸುವುದು ಮತ್ತೊಂದು ಉದ್ಯಮ. ಎರಡನೆಯದನ್ನು ಫ್ಯಾಬ್ರಿಕೇಶನ್ ಎನ್ನಲಾಗುತ್ತದೆ. ಅಳತೆ ಹಾಕುವುದು, ಕತ್ತರಿಸುವುದು, ಬಾಗಿಸುವುದು, ಜೋಡಿಸುವುದು, ವೆಲ್ಡಿಂಗ್ ಮಾಡುವುದು, ಗ್ರೈಂಡರ್‌ನಿಂದ ಉಜ್ಜುವುದು ಹಾಗೂ ಬಣ್ಣ ಹಚ್ಚುವುದು ಇದರ ಮುಖ್ಯ ಹಂತಗಳು. ಫಿಟ್ಟರ್, ವೆಲ್ಡರ್ ಮತ್ತು ಹೆಲ್ಪರ್ ಎಂಬ ಮೂರು ಬಗೆಯ ಕೆಲಸಗಾರರು ಸಾಮಾನ್ಯವಾಗಿರುತ್ತಾರೆ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ (ಐಟಿಐ) ವೆಲ್ಡರ್ ತರಬೇತಿಯು 1 ವರ್ಷದ್ದು, ಫಿಟ್ಟರ್ ತರಬೇತಿಯು 2 ವರ್ಷದ್ದು. ಆದರೂ ಅನೇಕರು ಹೆಲ್ಪರ್ ಆಗಿ ಸೇರಿ, ಹಿರಿಯ ಕೆಲಸಗಾರರನ್ನು ನೋಡಿಯೇ ಕಸುಬು ಕಲಿಯುತ್ತಾರೆ. ಹೀಗಾಗಿ ಹಿರಿಯರ ಒಳ್ಳೆಯ ರೂಢಿಗಳಂತೆಯೇ ಅಪಾಯಕಾರಿ ರೂಢಿಗಳೂ ಕಿರಿಯರಿಗೆ ದಾಟುತ್ತವೆ.

ಪ್ರಾದೇಶಿಕ ಹಿನ್ನೆಲೆ

ಹಿಂದೆ ಜಮಖಂಡಿ ಮತ್ತು ಮುಧೋಳ ಪ್ರತ್ಯೇಕ ಸಂಸ್ಥಾನಗಳಾಗಿದ್ದವು. ಸ್ವಾತಂತ್ರ್ಯಾನಂತರ ಇವು ವಿಜಾಪುರ ಜಿಲ್ಲೆಗೆ ಸೇರಿ, 1997ರಲ್ಲಿ ಬಾಗಲಕೋಟೆ ಜಿಲ್ಲೆ ರಚನೆಯಾದಾಗ ಅದರ ಭಾಗವಾದವು. ಜಮಖಂಡಿ ತಾಲ್ಲೂಕಿನಲ್ಲಿದ್ದ ರಬಕವಿ-ಬನಹಟ್ಟಿ ಈಗ ಪ್ರತ್ಯೇಕ ತಾಲ್ಲೂಕಾಗಿದೆ.

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರಾವರಿಯಿಂದ ಈ ಭಾಗದಲ್ಲಿ ಕಬ್ಬು ಪ್ರಮುಖ ಬೆಳೆಯಾಗಿದೆ. 1989ರಲ್ಲಿ ಜಮಖಂಡಿ ಭಾಗದ ರೈತರು ತಮ್ಮದೇ ಹಣ ಮತ್ತು ಶ್ರಮದಿಂದ ಚಿಕ್ಕಪಡಸಲಗಿ ಬಳಿ ಕೃಷ್ಣಾ ನದಿಗೆ ಬ್ಯಾರೇಜ್ ನಿರ್ಮಿಸಿದ್ದು ನೀರಾವರಿಯ ವಿಸ್ತರಣೆಯಲ್ಲಿ ಗಮನಾರ್ಹ ಘಟನೆ. ಸಮೀರವಾಡಿ, ತಿಮ್ಮಾಪುರ, ಹಿರೇಪಡಸಲಗಿ ಮೊದಲಾದೆಡೆ ಸಕ್ಕರೆ ಕಾರ್ಖಾನೆಗಳು ಸ್ಥಾಪನೆಯಾದವು. ಮಹಾಲಿಂಗಪುರವು ಬೆಲ್ಲದ ಮಾರುಕಟ್ಟೆಗೂ, ರಬಕವಿ ಮತ್ತು ಬನಹಟ್ಟಿಗಳು ಕೈಮಗ್ಗ ಹಾಗೂ ವಿದ್ಯುತ್ ಮಗ್ಗದ ಸೀರೆಗಳಿಗೂ ಹೆಸರಾಗಿವೆ. ಮುಧೋಳ ತಾಲ್ಲೂಕಿನಲ್ಲಿ ಸುಣ್ಣದಕಲ್ಲಿನ ಗಣಿಗಾರಿಕೆ ಮತ್ತು ಸಿಮೆಂಟ್ ತಯಾರಿಕೆ ನಡೆಯುತ್ತದೆ.

ಟ್ರ್ಯಾಕ್ಟರ್ ಟ್ರೇಲರ್‌ಗಳ ತಯಾರಿಕೆ ಮತ್ತು ದುರಸ್ತಿ, ಕೃಷಿ ಉಪಕರಣಗಳು, ಮಗ್ಗದ ಶೆಡ್‌ಗಳು, ಬಾಗಿಲು, ಕಿಟಕಿ, ಗೇಟುಗಳು ಹಾಗೂ ಕಾರ್ಖಾನೆಗಳ ಟ್ಯಾಂಕ್, ಪೈಪ್ ಮತ್ತು ಕನ್ವೇಯರ್‌ಗಳ ದುರಸ್ತಿ ಇಂತಹ ಪ್ರದೇಶದ ಫ್ಯಾಬ್ರಿಕೇಶನ್ ಘಟಕಗಳಿಗೆ ದೊರೆಯುವ ಕೆಲಸಗಳು. ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಆರಂಭವಾಗುತ್ತದೆ. ಅದಕ್ಕೆ ಮೊದಲು ಟ್ರೇಲರ್‌ಗಳೂ ಯಂತ್ರಗಳೂ ಸಿದ್ಧವಾಗಬೇಕಾದ್ದರಿಂದ ಕೆಲಸದ ಒತ್ತಡ ಕೆಲವು ತಿಂಗಳುಗಳಲ್ಲಿ ಹೆಚ್ಚಾಗಿ, ಉಳಿದ ಅವಧಿಯಲ್ಲಿ ಇಳಿಯುತ್ತದೆ.

ಕೆಲಸದ ಅಪಾಯಗಳು

ಕಣ್ಣು: ವೆಲ್ಡಿಂಗ್‌ನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳು ಕಣ್ಣಿನ ಮೇಲ್ಪದರವನ್ನು ಸುಡುತ್ತವೆ. ನೋವು ಕೂಡಲೇ ಕಾಣಿಸಿಕೊಳ್ಳದೆ ಕೆಲವು ಗಂಟೆಗಳ ನಂತರ, ಹಲವು ವೇಳೆ ರಾತ್ರಿ, ಮರಳು ಚುಚ್ಚಿದಂತೆ ಆರಂಭವಾಗುತ್ತದೆ. ವೆಲ್ಡರ್ ಮುಖಗವಚ ಧರಿಸಿದ್ದರೂ ಪಕ್ಕದಲ್ಲಿ ಕಬ್ಬಿಣ ಹಿಡಿದು ನಿಂತ ಹೆಲ್ಪರ್‌ಗೆ ಅದು ಇಲ್ಲದಿರುವುದು ಸಾಮಾನ್ಯ ದೋಷ. ಹಲವರು ಮನೆಮದ್ದಾಗಿ ಆಲೂಗಡ್ಡೆಯ ಹೋಳು ಇಟ್ಟುಕೊಳ್ಳುವುದುಂಟು. ನೋವು ಒಂದೆರಡು ದಿನಗಳಲ್ಲಿ ತಾನಾಗಿ ಇಳಿಯುವುದರಿಂದ ಗಾಯವನ್ನು ಲಘುವಾಗಿ ಕಾಣಲಾಗುತ್ತದೆ.

ಉಸಿರಾಟ: ವೆಲ್ಡಿಂಗ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ನಿರ್ಣಯಿಸಿ, ಅದನ್ನು ಮೊದಲ ಗುಂಪಿಗೆ ಸೇರಿಸಿತು. ಸತು ಲೇಪಿತ ತಗಡನ್ನು ಬೆಸೆಯುವಾಗ ಏಳುವ ಹೊಗೆಯಿಂದ ಚಳಿಜ್ವರದಂತಹ ಲಕ್ಷಣಗಳು ಉಂಟಾಗುತ್ತವೆ.

ಯಂತ್ರ ಮತ್ತು ವಿದ್ಯುತ್: 4 ಅಂಗುಲದ ಗ್ರೈಂಡರ್‌ನ ಚಕ್ರ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ರಕ್ಷಣಾ ಕವಚ ತೆಗೆದು ದೊಡ್ಡ ಚಕ್ರ ಜೋಡಿಸಿದರೆ ಅದು ಒಡೆದು ಸಿಡಿಯುವ ಸಂಭವವಿದೆ. ಬೆವರಿನಿಂದ ತೊಯ್ದ ಕೈ, ಸುಲಿದ ಕೇಬಲ್ ಮತ್ತು ಒದ್ದೆ ನೆಲ ಒಟ್ಟಾದಾಗ ವಿದ್ಯುತ್ ಆಘಾತದ ಅಪಾಯ ಹೆಚ್ಚುತ್ತದೆ.

ಟ್ಯಾಂಕ್ ಮತ್ತು ಡ್ರಮ್: ಎಣ್ಣೆ ಅಥವಾ ದ್ರಾವಕ ತುಂಬಿದ್ದ ಖಾಲಿ ಡ್ರಮ್‌ನಲ್ಲಿ ಆವಿ ಉಳಿದಿದ್ದರೆ ಗ್ಯಾಸ್ ಕಟರ್ ತಾಗಿದಾಗ ಸ್ಫೋಟಿಸಬಹುದು. ಕಾಕಂಬಿ ಟ್ಯಾಂಕ್‌ನಂತಹ ಮುಚ್ಚಿದ ಜಾಗಗಳಲ್ಲಿ ಆಮ್ಲಜನಕದ ಕೊರತೆಯಿಂದ ಒಳಗಿಳಿದವರು ಪ್ರಜ್ಞೆ ತಪ್ಪಬಹುದು; ರಕ್ಷಿಸಲು ಆತುರದಿಂದ ಇಳಿದವರೂ ಬಲಿಯಾಗುವುದು ಇಂತಹ ದುರಂತಗಳ ಲಕ್ಷಣ. ಸಕ್ಕರೆ ಕಾರ್ಖಾನೆಗಳಿಗೆ ಹೊಂದಿಕೊಂಡ ಡಿಸ್ಟಿಲರಿಗಳು ಬೆಂಕಿಯ ದೃಷ್ಟಿಯಿಂದ ಸೂಕ್ಷ್ಮ ಸ್ಥಳಗಳು. 2018ರ ಡಿಸೆಂಬರ್ 16ರಂದು ಮುಧೋಳದ ಬಳಿಯ ಡಿಸ್ಟಿಲರಿ ಘಟಕವೊಂದರಲ್ಲಿ ಸ್ಫೋಟ ಸಂಭವಿಸಿ ಕಾರ್ಮಿಕರು ಮೃತಪಟ್ಟರು. ಇಂತಹ ಸ್ಥಳಗಳಲ್ಲಿ ವೆಲ್ಡಿಂಗ್‌ಗೆ ಮೊದಲು ಲಿಖಿತ ಅನುಮತಿ, ಆವಿಯ ಪರೀಕ್ಷೆ ಮತ್ತು ಕಾವಲುಗಾರನ ನೇಮಕ ಅಗತ್ಯ.

ಬಿಸಿಲು ಮತ್ತು ಮನಸ್ಸಿನ ಒತ್ತಡ: ಬೇಸಿಗೆಯಲ್ಲಿ ಇಲ್ಲಿಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ. ತಗಡಿನ ಶೆಡ್‌ನ ಕೆಳಗೆ, ದಪ್ಪ ಬಟ್ಟೆ ಧರಿಸಿ ಮಾಡುವ ಕೆಲಸ ದೇಹವನ್ನು ಬೇಗ ದಣಿಸುತ್ತದೆ. ಹಂಗಾಮಿನ ಅವಸರ, ಕೆಲಸವಿಲ್ಲದ ದಿನಗಳ ಚಿಂತೆ ಮತ್ತು ಮುಂಗಡದ ಸಾಲ ಮಾನಸಿಕ ಒತ್ತಡಕ್ಕೆ ಕಾರಣಗಳಾಗುತ್ತವೆ. ಮುಂಗಡ ಪಡೆದ ಕೆಲಸಗಾರನು ಅಪಾಯಕಾರಿ ಕೆಲಸವನ್ನು ನಿರಾಕರಿಸಲು ಹಿಂಜರಿಯುತ್ತಾನೆ.

ನಾಯಕತ್ವದ ಪಾತ್ರ

ಭಾರತದ ಉಕ್ಕು ಉದ್ಯಮದಲ್ಲಿ ಕಾರ್ಮಿಕರ ಕ್ಷೇಮದ ಕೆಲವು ಕ್ರಮಗಳು ಕಾನೂನಿಗಿಂತ ಮೊದಲೇ ಬಂದವು. ಜಮ್‌ಷೆಡ್‌ಪುರದ ಟಾಟಾ ಕಾರ್ಖಾನೆಯಲ್ಲಿ 1912ರಲ್ಲಿ 8 ಗಂಟೆಗಳ ಕೆಲಸದ ದಿನವೂ 1920ರಲ್ಲಿ ಭವಿಷ್ಯ ನಿಧಿಯೂ ಜಾರಿಗೆ ಬಂದವು. ದಿನಕ್ಕೆ 9 ಮತ್ತು ವಾರಕ್ಕೆ 48 ಗಂಟೆಗಳ ಮಿತಿಯನ್ನು ದೇಶದ ಕಾರ್ಖಾನೆಗಳಿಗೆ ವಿಧಿಸಿದ ಕಾಯಿದೆ ಬಂದದ್ದು 1948ರಲ್ಲಿ.

ನಾಯಕತ್ವದ ಅಧ್ಯಯನದಲ್ಲಿ ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ (1978) ಮತ್ತು ಬರ್ನಾರ್ಡ್ ಬಾಸ್ (1985) ಅವರು ಪರಿವರ್ತನಾತ್ಮಕ ನಾಯಕತ್ವದ ಪರಿಕಲ್ಪನೆಯನ್ನು ಬೆಳೆಸಿದರು. ತಾನೇ ಮಾದರಿಯಾಗಿ ನಡೆದು, ಪ್ರತಿಯೊಬ್ಬರ ಬಗ್ಗೆ ಕಾಳಜಿ ವಹಿಸಿ ಕೆಲಸಗಾರರನ್ನು ಪ್ರೇರೇಪಿಸುವ ನಾಯಕತ್ವವಿದು. ಡೋವ್ ಜೊಹರ್ ಅವರು 1980ರಲ್ಲಿ ಇಸ್ರೇಲ್‌ನ 20 ಕಾರ್ಖಾನೆಗಳ ಅಧ್ಯಯನದ ಆಧಾರದಲ್ಲಿ 'ಸುರಕ್ಷತಾ ವಾತಾವರಣ' ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ಸುರಕ್ಷತೆಯ ಬಗ್ಗೆ ಆಡಳಿತದ ನಿಜವಾದ ಧೋರಣೆ ಏನೆಂದು ಕಾರ್ಮಿಕರು ಗ್ರಹಿಸಿರುತ್ತಾರೋ ಅದೇ ಈ ವಾತಾವರಣದ ತಿರುಳು. ಜೂಲಿಯನ್ ಬಾರ್ಲಿಂಗ್, ಕೆವಿನ್ ಕೆಲೊವೇ ಮೊದಲಾದವರ ನಂತರದ ಅಧ್ಯಯನಗಳು ನಾಯಕನ ಉದಾಸೀನವೂ ಸುರಕ್ಷತೆಗೆ ಹಾನಿಕರವೆಂದು ತೋರಿಸಿವೆ.

ಸಣ್ಣ ಫ್ಯಾಬ್ರಿಕೇಶನ್ ಘಟಕಕ್ಕೆ ಈ ವಿಚಾರಗಳು ನೇರವಾಗಿ ಅನ್ವಯಿಸುತ್ತವೆ. ಮಾಲೀಕನು ಕನ್ನಡಕವಿಲ್ಲದೆ ಗ್ರೈಂಡರ್ ಹಿಡಿದರೆ ಗೋಡೆಯ ಮೇಲಿನ ಸೂಚನಾ ಫಲಕಕ್ಕೆ ಬೆಲೆ ಉಳಿಯುವುದಿಲ್ಲ. ಟ್ರೇಲರ್ ಒಪ್ಪಿಸುವ ದಿನಾಂಕವನ್ನು ಗ್ರಾಹಕನಿಗೆ ತಿಳಿಸುವಾಗಲೇ ಕೆಲಸಗಾರರ ನಿದ್ರೆ ಮತ್ತು ವಿಶ್ರಾಂತಿಯೂ ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಸಣ್ಣ ಗಾಯವನ್ನು ತಿಳಿಸಿದ ಹೆಲ್ಪರ್‌ನನ್ನು ಗದರಿಸಿದರೆ ಮುಂದಿನ ಗಾಯದ ಸುದ್ದಿ ಮಾಲೀಕನಿಗೆ ತಲುಪುವುದಿಲ್ಲ. ವಾರದ ಬಟವಾಡೆ ತಪ್ಪದೆ ಆಗುವುದು, ಮುಂಗಡದ ಲೆಕ್ಕ ಬರಹದಲ್ಲಿರುವುದು ಮತ್ತು ಗಾಯಗೊಂಡ ದಿನಗಳ ಪಗಾರ ಕಡಿತವಾಗದಿರುವುದು ಪರಸ್ಪರ ವಿಶ್ವಾಸವನ್ನು ಬೆಳೆಸುತ್ತವೆ.

ಕಾನೂನು ಮತ್ತು ಅದರ ಮಿತಿ

1948ರ ಕಾರ್ಖಾನೆಗಳ ಕಾಯಿದೆಯಲ್ಲಿ ಕಣ್ಣಿನ ರಕ್ಷಣೆ, ಅಪಾಯಕಾರಿ ಅನಿಲವಿರುವ ಜಾಗಗಳಿಗೆ ಪ್ರವೇಶ, ಪ್ರಥಮ ಚಿಕಿತ್ಸೆ ಹಾಗೂ ಹೆಚ್ಚುವರಿ ಅವಧಿಗೆ ದುಪ್ಪಟ್ಟು ವೇತನದ ನಿಯಮಗಳಿದ್ದವು. ವಿದ್ಯುತ್ ಬಳಸುವ ಘಟಕಗಳಲ್ಲಿ 10 ಅಥವಾ ಹೆಚ್ಚು ಕಾರ್ಮಿಕರಿದ್ದರೆ ಅದು ಅನ್ವಯವಾಗುತ್ತಿತ್ತು. ಅದರ ಸ್ಥಾನದಲ್ಲಿ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿತು. ಇದರಲ್ಲಿ ವಿದ್ಯುತ್ ಬಳಸುವ 'ಕಾರ್ಖಾನೆ'ಯ ಕನಿಷ್ಠ ಸಂಖ್ಯೆಯನ್ನು 20ಕ್ಕೆ ಏರಿಸಲಾಗಿದೆ. ಐದಾರು ಮಂದಿ ದುಡಿಯುವ ಘಟಕವು ಎರಡೂ ವ್ಯಾಖ್ಯಾನಗಳ ಹೊರಗೆ ಉಳಿಯುತ್ತದೆ.

ನೌಕರರ ರಾಜ್ಯ ವಿಮೆ (ಇಎಸ್‌ಐ) ಸಾಮಾನ್ಯವಾಗಿ 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. 2019ರ ಜುಲೈನಿಂದ ಇದರ ವಂತಿಗೆಯು ಮಾಲೀಕರಿಂದ ವೇತನದ ಶೇ. 3.25 ಮತ್ತು ನೌಕರರಿಂದ ಶೇ. 0.75 ಆಗಿದೆ. ಕಟ್ಟಡ ನಿರ್ಮಾಣದ ಸ್ಥಳಗಳಲ್ಲಿ ವೆಲ್ಡಿಂಗ್ ಮತ್ತು ಕಬ್ಬಿಣದ ಕೆಲಸ ಮಾಡುವವರು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಇದಕ್ಕೆ 18ರಿಂದ 60 ವರ್ಷದೊಳಗಿನ ವಯಸ್ಸು ಹಾಗೂ ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನಗಳ ನಿರ್ಮಾಣ ಕೆಲಸ ಅಗತ್ಯ.

ಸಣ್ಣ ಘಟಕಗಳಲ್ಲಿ ಸಾಧ್ಯವಾದ ಕ್ರಮಗಳು

ಕ್ಷೇಮದ ಮುಖ್ಯ ಕ್ರಮಗಳಲ್ಲಿ ಹಲವಕ್ಕೆ ಹೆಚ್ಚಿನ ಬಂಡವಾಳ ಬೇಕಾಗುವುದಿಲ್ಲ:

• ವೆಲ್ಡರ್ ಜೊತೆಗೆ ಹೆಲ್ಪರ್‌ಗೂ ಸೂಕ್ತ ಛಾಯೆಯ ಗಾಜಿನ ಮುಖಗವಚ ನೀಡುವುದು ಮತ್ತು ಬೆಳಕು ಇತರರಿಗೆ ತಾಗದಂತೆ ಪರದೆ ಕಟ್ಟುವುದು.
• ಹೊಗೆಯು ಮುಖದಿಂದ ದೂರ ಸರಿಯುವಂತೆ ಗಾಳಿಯ ದಿಕ್ಕು ನೋಡಿ ಕುಳಿತುಕೊಳ್ಳುವುದು. ಸತುವಿನ ಲೇಪವನ್ನು ಬೆಸೆಯುವ ಜಾಗದಿಂದ ಮೊದಲೇ ತೆಗೆಯುವುದು.
• ಗ್ಯಾಸ್ ಸಿಲಿಂಡರ್‌ಗಳನ್ನು ನೇರವಾಗಿ ನಿಲ್ಲಿಸಿ ಸರಪಳಿಯಿಂದ ಬಿಗಿಯುವುದು. ಆಮ್ಲಜನಕದ ಕವಾಟಕ್ಕೆ ಎಣ್ಣೆ ಅಥವಾ ಗ್ರೀಸ್ ತಾಗದಂತೆ ಎಚ್ಚರ ವಹಿಸುವುದು.
• ಬೇಸಿಗೆಯಲ್ಲಿ ಭಾರವಾದ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಂಡು, ನಡುಹಗಲು ನೆರಳು, ನೀರು ಮತ್ತು ವಿಶ್ರಾಂತಿ ಒದಗಿಸುವುದು.
• ಕೆಲಸ ಆರಂಭಿಸುವ ಮೊದಲು ಆ ದಿನದ ಅಪಾಯಗಳನ್ನು ಎಲ್ಲರೊಂದಿಗೆ ಐದು ನಿಮಿಷ ಮಾತನಾಡುವುದು.
• ಅಪಾಯವೆಂದು ಕಂಡ ಕೆಲಸವನ್ನು ನಿಲ್ಲಿಸುವ ಅಧಿಕಾರವನ್ನು ಹೆಲ್ಪರ್‌ಗೂ ನೀಡುವುದು.

ಇವುಗಳಲ್ಲಿ ಕೊನೆಯದು ಅತ್ಯಂತ ಕಡಿಮೆ ಖರ್ಚಿನದು, ಆದರೆ ಪಾಲಿಸಲು ಕಷ್ಟವಾದದ್ದು. ಹಂಗಾಮಿನ ಅವಸರದಲ್ಲಿ ಕೆಲಸ ನಿಲ್ಲಿಸಿದವನು ಗದರಿಕೆಗೆ ಒಳಗಾಗುತ್ತಾನೋ ಇಲ್ಲವೋ ಎಂಬುದರಿಂದಲೇ ಉಳಿದ ಕೆಲಸಗಾರರು ತಮ್ಮ ಘಟಕದ ನಾಯಕತ್ವವನ್ನು ಅರಿಯುತ್ತಾರೆ.