ಸ್ಥಾನ ಟಾಲರೆನ್ಸ್‌ನ ಇತಿಹಾಸ

ತೂತು, ಪಿನ್ನು, ಸ್ಲಾಟುಗಳು ಇರಬೇಕಾದ ಜಾಗದಿಂದ ಎಷ್ಟು ಸರಿದರೂ ನಡೆದೀತು ಎಂದು ಎಂಜಿನಿಯರಿಂಗ್ ಡ್ರಾಯಿಂಗ್ ವಿಧಿಸುವ ಮಿತಿಯೇ ಸ್ಥಾನ ಟಾಲರೆನ್ಸ್. ಅಡ್ಡ ಮತ್ತು ಉದ್ದ ಗೆರೆ ಹಾಯ್ದ ಸಣ್ಣ ವೃತ್ತ ಇದರ ಗುರುತು.

ಈ ಕಲ್ಪನೆಯ ಕೀರ್ತಿ ಸಲ್ಲುವುದು ಸ್ಕಾಟ್‌ಲೆಂಡಿನ ಅಲೆಕ್ಸಾಂಡ್ರಿಯಾದ ರಾಯಲ್ ಟಾರ್ಪಿಡೋ ಫ್ಯಾಕ್ಟರಿಯ ಸ್ಟ್ಯಾನ್ಲಿ ಪಾರ್ಕರ್‌ಗೆ. ಅದು ಹುಟ್ಟಿದ್ದು 1938ರಲ್ಲಿ ಎನ್ನುವ ಬರಹಗಳು ಹಲವು; ಮುದ್ರಿತ ಆಧಾರ ಮಾತ್ರ ಪಾರ್ಕರ್ 1940ರಲ್ಲಿ ಪ್ರಕಟಿಸಿದ ಟಿಪ್ಪಣಿಗಳು. ಅಲ್ಲಿಂದಲೇ ಎಣಿಸುವುದು ಕ್ಷೇಮ.

ಪಾರ್ಕರ್ ವಾದದ ತಿರುಳು ಒಂದು ಪ್ಲೇಟಿನಲ್ಲೇ ಕಾಣುತ್ತದೆ. ಎರಡು ಅಂಚುಗಳಿಂದ ತೂತಿನ ದೂರಕ್ಕೆ ±0.1 ಮಿ.ಮೀ. ಕೊಟ್ಟರೆ, ತೂತಿನ ನಡುಬಿಂದು ಇರಬಹುದಾದ ಜಾಗ ಒಂದು ಚೌಕ. ಮೂಲೆಗೆ 0.14 ಸರಿದ ತೂತು ಪಾಸಾಗುತ್ತದೆ, ನೇರ ಬಲಕ್ಕೆ 0.12 ಸರಿದದ್ದು ಸ್ಕ್ರ್ಯಾಪ್ ಆಗುತ್ತದೆ. ಬೋಲ್ಟಿಗೆ ದಿಕ್ಕಿನ ಹಂಗಿಲ್ಲ. ಚೌಕದ ಬದಲು ಅದರ ಮೂಲೆಗಳನ್ನು ಮುಟ್ಟುವ 0.28 ವ್ಯಾಸದ ವೃತ್ತ ಕೊಟ್ಟರೆ ಜಾಗ ಶೇ. 57ರಷ್ಟು ಹಿಗ್ಗುತ್ತದೆ, ಜೋಡಣೆ ಕೆಡುವುದಿಲ್ಲ.

ಅಮೆರಿಕದ ವೈ14.5 ಮಾನಕ 1957ರಲ್ಲಿ ಬಂತು. ಐಎಸ್‌ಒ 1101 1969ರಲ್ಲಿ. ಭಾರತದ ಐಎಸ್ 8000 ಮಾಲೆ 1976ರಿಂದ ಐಎಸ್‌ಒ ದಾರಿಯನ್ನೇ ಹಿಡಿಯಿತು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಎಚ್‌ಎಎಲ್ (1940), ಎಚ್‌ಎಂಟಿ (1953), ಕೇಂದ್ರೀಯ ಮೆಷಿನ್ ಟೂಲ್ ಸಂಸ್ಥೆ (1962), ಡೆನ್ಮಾರ್ಕ್ ನೆರವಿನ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ (1972) ನೆಲೆಯೂರಿದ್ದವು.

ಕಲಿಯುವವರನ್ನು ಇಂದಿಗೂ ಎಡವಿಸುವುದು ಮಾನಕಗಳ ಮತ್ತು ಅವುಗಳ ಆವೃತ್ತಿಗಳ ನಡುವಿನ ಗೊಂದಲ. ಟಾಲರೆನ್ಸ್ ಬರೆಯುವ ಚೌಕಟ್ಟಿನಲ್ಲಿ ವೃತ್ತದೊಳಗಿನ 'ಎಂ' (ಗರಿಷ್ಠ ದ್ರವ್ಯ ಸ್ಥಿತಿಯ ಗುರುತು) ಇದ್ದರೆ ತೂತು ದೊಡ್ಡದಾದಷ್ಟೂ ಟಾಲರೆನ್ಸ್ ಬೆಳೆಯುತ್ತದೆ: 10.0ರಿಂದ 10.2 ಮಿ.ಮೀ. ವರೆಗಿನ ತೂತು 10.2ಕ್ಕೆ ಬಂದಾಗ 0.2 ಹೆಚ್ಚುವರಿ ಸಿಗುತ್ತದೆ. 'ಎಂ' ಇಲ್ಲದಿದ್ದರೆ? ಅಮೆರಿಕದ 1982ರ ಆವೃತ್ತಿ ಸ್ಥಾನದ ಮಟ್ಟಿಗೆ ಇಂಥ ಯಾವುದಾದರೂ ಒಂದು ಗುರುತು ಇರಲೇಬೇಕೆಂದಿತು. 1994ರದ್ದು ಗುರುತಿಲ್ಲದಿದ್ದರೆ ಹೆಚ್ಚುವರಿ ಇಲ್ಲವೆಂದು ತೀರ್ಮಾನಿಸಿತು. ಈ ಬದಲಾವಣೆಯನ್ನು ಗಮನಿಸದೆ ಹಳೆಯ ಡ್ರಾಯಿಂಗ್ ಓದುವುದು ಅಪಾಯಕರ.

2018ರ ತಿರುವು ಇನ್ನೂ ದೊಡ್ಡದು. ಆ ವರ್ಷದ ಅಮೆರಿಕದ ಆವೃತ್ತಿ ಏಕಕೇಂದ್ರತೆ ಮತ್ತು ಸಮಮಿತಿಯ ಗುರುತುಗಳನ್ನು ಕೈಬಿಟ್ಟಿತು. ಅವುಗಳ ಕೆಲಸದ ಬಹುಪಾಲು ಸ್ಥಾನ ಟಾಲರೆನ್ಸ್‌ಗೆ ಬಿತ್ತು. ಐಎಸ್‌ಒ ಅವನ್ನು ಉಳಿಸಿಕೊಂಡಿದೆ. ಹಾಗಾಗಿ ಗುರುತನ್ನು ಓದುವ ಮೊದಲು ಡ್ರಾಯಿಂಗ್‌ನ ಟೈಟಲ್ ಬ್ಲಾಕ್‌ನಲ್ಲಿ ಮಾನಕದ ಹೆಸರು ಮತ್ತು ವರ್ಷವನ್ನು ನೋಡಬೇಕಾಗುತ್ತದೆ.