ಪದ ಪರಿಚಯ: ತ್ರಿತ್ವ

ತ್ರಿತ್ವ (ನಾ.) ಮೂರಾಗಿರುವಿಕೆ, ಕ್ರೈಸ್ತರಲ್ಲಿ, ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಾಗಿರುವ ಒಬ್ಬನೇ ದೇವರು.

ಕ್ರೈಸ್ತರ ತ್ರಿತ್ವವೆಂದರೆ ತ್ರಿಮೂರ್ತಿಗಳೇ ಎಂಬ ವಿವರಣೆ ಭಾಷಣಗಳಲ್ಲಿ ಆಗಾಗ ಕೇಳಿಬರುತ್ತದೆ. ಸದುದ್ದೇಶದ ಮಾತು, ಆದರೆ ಸರಿಯಲ್ಲ. ಸೃಷ್ಟಿ, ಸ್ಥಿತಿ, ಲಯಗಳನ್ನು ಮೂವರಿಗೆ ಹಂಚಿದ ಕಲ್ಪನೆ ತ್ರಿಮೂರ್ತಿಯದು. ತ್ರಿತ್ವದಲ್ಲಿ ಮೂವರದೂ ಒಂದೇ ದೈವಸ್ವರೂಪ.

ಸಂಸ್ಕೃತದ ‘ತ್ರಿ’ಗೆ ‘ತ್ವ’ ಸೇರಿ ಆದ ಈ ಪದ ಶಾಲೆಯ ವ್ಯಾಕರಣದಲ್ಲಿ ಕಲಿತ ‘ದ್ವಿತ್ವ’ದ ಒಡಹುಟ್ಟು. ಬೈಬಲಿನಲ್ಲಿ ಇದಕ್ಕೆ ಸಮನಾದ ಪದವೇ ಇಲ್ಲ. 2ನೇ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದ ಥಿಯೋಫಿಲಸ್ ಗ್ರೀಕಿನ ‘ತ್ರಿಯಾಸ್’ ಬಳಸಿದ. 3ನೇ ಶತಮಾನದ ಆರಂಭದಲ್ಲಿ ಕಾರ್ಥೇಜಿನ ತೆರ್ತುಲಿಯನ್ ಲ್ಯಾಟಿನ್ನಿನ ‘ತ್ರಿನಿತಾಸ್’ ಬಳಸಿದ. ಇಂಗ್ಲಿಷಿನ ‘ಟ್ರಿನಿಟಿ’ ಬಂದದ್ದು ಅಲ್ಲಿಂದ. ಮಲಯಾಳದಲ್ಲಿ ತ್ರಿತ್ವಂ, ತಮಿಳಿನಲ್ಲಿ ತಿರಿತ್ತುವಂ.

ಕನ್ನಡದಲ್ಲಿ ‘ತ್ರಿಯೇಕ’ ಎಂಬ ರೂಪವೂ ಉಂಟು. ಸಂಸ್ಕೃತ ಸಂಧಿಯಂತೆ ‘ತ್ರ್ಯೇಕ’ ಆಗಬೇಕಿತ್ತು. ಕನ್ನಡದ ಯಕಾರಾಗಮ ಅದನ್ನು ನಾಲಿಗೆಗೆ ಹಗುರ ಮಾಡಿದೆ. ನನಗೆ ಇದೇ ಹೆಚ್ಚು ಮೆಚ್ಚು: ಮೂರರ ಜೊತೆಗೆ ಒಂದನ್ನೂ ಹೇಳುತ್ತದೆ. ಬಂಗಾಳದ ಕಥೋಲಿಕ ಚಿಂತಕ ಬ್ರಹ್ಮಬಾಂಧವ ಉಪಾಧ್ಯಾಯರು 1898ರ ತಮ್ಮ ಸಂಸ್ಕೃತ ಸ್ತುತಿಯಲ್ಲಿ ‘ಸಚ್ಚಿದಾನಂದ’ ಎಂದು ಕರೆದದ್ದೂ ಈ ತ್ರಿಯೇಕನನ್ನೇ.

ಪದ ಪಂಡಿತರದಾದರೂ ಅರ್ಥ ದಿನಬಳಕೆಯದು. ಊಟಕ್ಕೆ ಕೂರುವಾಗ, ಮಲಗುವಾಗ, ಪಯಣ ಹೊರಡುವಾಗ ಕಥೋಲಿಕರು ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಹಾಕುತ್ತಾರೆ. ಆಗ ಬಾಯಲ್ಲಿ ಬರುವುದು ಪಿತ, ಸುತ, ಪವಿತ್ರಾತ್ಮರ ಹೆಸರು. ಹಸುಗೂಸಿಗೆ ಜ್ಞಾನಸ್ನಾನ ಕೊಡುವುದೂ ಅದೇ ಹೆಸರಿನಲ್ಲಿ. ಪೆಂತೆಕೋಸ್ತ್ ಹಬ್ಬದ ಮುಂದಿನ ಭಾನುವಾರ ತ್ರಿತ್ವದ ಹಬ್ಬ.