ದುಬೈಯಲ್ಲಿ ಬೈಕ್ ಡೆಲಿವರಿ ಕೆಲಸಕ್ಕೆ ಹೊರಟಿದ್ದೀರಾ? ಊರಿನ ಲೈಸೆನ್ಸ್ ಅಲ್ಲಿ ನಡೆಯಲ್ಲ. ಹೋಗುವ ಮೊದಲು ಇಷ್ಟು ಗೊತ್ತಿರಲಿ

ಉಡುಪಿ: 'ದುಬೈಯಲ್ಲಿ ಬೈಕ್ ಡೆಲಿವರಿ ಕೆಲಸ ಉಂಟು. ಬೈಕ್ ಓಡಿಸಲು ಬಂದರೆ ಸಾಕು, ಲೈಸೆನ್ಸ್ ಅಲ್ಲಿ ಹೋದ ಮೇಲೆ ಕಂಪನಿಯೇ ಮಾಡಿಸಿ ಕೊಡುತ್ತೆ.' ಕುಂದಾಪುರ, ಬೈಂದೂರು, ಭಟ್ಕಳ ಕಡೆಯ ಹುಡುಗರ ವಾಟ್ಸಾಪ್ ಗ್ರೂಪುಗಳಲ್ಲಿ ಇಂಥ ಮೆಸೇಜು ಹೊಸದೇನಲ್ಲ. ಕರಾವಳಿಯ ಮನೆ ಮನೆಯಲ್ಲೂ ಗಲ್ಫಿನಲ್ಲಿ ಒಬ್ಬರಾದರೂ ಇರುವುದರಿಂದ ಜನ ನಂಬುವುದೂ ಬೇಗ. ಆದರೆ 'ಲೈಸೆನ್ಸ್ ಆಮೇಲೆ' ಅನ್ನುವ ಆ ಒಂದು ಮಾತಿನಲ್ಲೇ ಸಾಲ, ದಂಡ, ಕೇಸು ಎಲ್ಲವೂ ಅಡಗಿದೆ. ಯುಎಇಯಲ್ಲಿ ವಿದೇಶಿಯೊಬ್ಬ ಬೈಕ್ ಓಡಿಸಲು ಏನೇನು ಬೇಕು, ತಪ್ಪಿದರೆ ಎಷ್ಟು ಬೀಳುತ್ತೆ, ಊರು ಬಿಡುವ ಮೊದಲು ಯಾವುದನ್ನು ಕೇಳಿ ಖಾತ್ರಿ ಮಾಡಿಕೊಳ್ಳಬೇಕು ಎಂಬ ವಿವರ ಇಲ್ಲಿದೆ.

ಇಂಟರ್‌ನ್ಯಾಷನಲ್ ಪರ್ಮಿಟ್ ಇದ್ದರೆ ಸಾಕಾ?

ಸಾಕಾಗಲ್ಲ. ಎಲ್ಲರೂ ಎಡವುವುದು ಇಲ್ಲೇ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಅನ್ನುವುದು ಪ್ರತ್ಯೇಕ ಲೈಸೆನ್ಸ್ ಅಲ್ಲ. ನಮ್ಮ ಊರಿನ ಲೈಸೆನ್ಸನ್ನು ಬೇರೆ ದೇಶದ ಪೊಲೀಸರಿಗೆ ಅರ್ಥವಾಗುವ ಹಾಗೆ ಬರೆದು ಕೊಡುವ ಪುಸ್ತಕ ಅಷ್ಟೆ. ಭಾರತ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದಲ್ಲಿರುವುದರಿಂದ ಇದನ್ನು ಕೊಡುತ್ತದೆ. ಆರ್‌ಟಿಒ ಕಚೇರಿಯಲ್ಲಿ ಫಾರ್ಮ್ 4ಎ ಅರ್ಜಿ ಹಾಕಬೇಕು, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಊರಿನ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಅದರಲ್ಲಿ ಗೇರ್ ಬೈಕ್ ನಮೂದಾಗಿಲ್ಲದಿದ್ದರೆ ಪರ್ಮಿಟ್‌ನಲ್ಲೂ ಬರಲ್ಲ.

ಈ ಪರ್ಮಿಟ್ ಇರುವುದು ಪ್ರವಾಸಕ್ಕೆ ಹೋದವರಿಗೆ. ಯುಎಇಯಲ್ಲಿ ರೆಸಿಡೆನ್ಸ್ ವೀಸಾ ಕೈಗೆ ಬಂತೆಂದರೆ ಆ ಮನುಷ್ಯ ಪ್ರವಾಸಿ ಅಲ್ಲ, ನಿವಾಸಿ. ಆ ಮೇಲೆ ಅಲ್ಲಿನ ಲೈಸೆನ್ಸೇ ಬೇಕು. ಕೆಲವು ದೇಶದವರು ತಮ್ಮ ಲೈಸೆನ್ಸ್ ತೋರಿಸಿ ಟೆಸ್ಟ್ ಇಲ್ಲದೆ ಯುಎಇ ಲೈಸೆನ್ಸಿಗೆ ಬದಲಾಯಿಸಿಕೊಳ್ಳಬಹುದು, ಆದರೆ ಭಾರತ ಆ ಪಟ್ಟಿಯಲ್ಲಿಲ್ಲ. ಊರಲ್ಲಿ ಹತ್ತು ವರ್ಷ ಬುಲೆಟ್ ಓಡಿಸಿದವನೂ ಅಲ್ಲಿ ಟೆಸ್ಟ್ ಪಾಸಾಗಲೇಬೇಕು.

2025ರ ಮಾರ್ಚ್ 29ರಿಂದ ಯುಎಇಯಲ್ಲಿ ಹೊಸ ಸಂಚಾರ ಕಾನೂನು ಜಾರಿಯಲ್ಲಿದೆ. ಅದರ ಪ್ರಕಾರ ದೇಶದಲ್ಲಿ ಮಾನ್ಯವಲ್ಲದ ಲೈಸೆನ್ಸ್ ಇಟ್ಟುಕೊಂಡು ಗಾಡಿ ಓಡಿಸಿದರೆ ಮೊದಲ ಸಲ 2,000ದಿಂದ 10,000 ದಿರ್ಹಂ ದಂಡ. ಎರಡನೇ ಸಲ ಸಿಕ್ಕಿಬಿದ್ದರೆ ಜೈಲಿನ ಮಾತೂ ಬರುತ್ತೆ. ಲೈಸೆನ್ಸೇ ಇಲ್ಲದೆ ಓಡಿಸಿದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000ದಿಂದ 50,000 ದಿರ್ಹಂ ದಂಡ. ಒಂದು ದಿರ್ಹಂಗೆ 23 ರೂಪಾಯಿ ಅಂತ ಹಿಡಿದರೂ 10,000 ದಿರ್ಹಂ ಅಂದರೆ 2.3 ಲಕ್ಷ ರೂಪಾಯಿ. ತಿಂಗಳ ಸಂಬಳದಲ್ಲಿ ತೀರುವ ದುಡ್ಡಲ್ಲ ಅದು.

ಬೈಕ್ ಲೈಸೆನ್ಸ್ ಸಿಗುವುದು ಹೇಗೆ?

ಮೊದಲು ಎಮಿರೇಟ್ಸ್ ಐಡಿ ಆಗಬೇಕು. ಅದಾದ ಮೇಲೆ ಮಾನ್ಯತೆ ಇರುವ ಡ್ರೈವಿಂಗ್ ಶಾಲೆಯಲ್ಲಿ ಫೈಲ್ ಓಪನ್, ಕಣ್ಣಿನ ಪರೀಕ್ಷೆ, ಥಿಯರಿ ಕ್ಲಾಸು, ಥಿಯರಿ ಪರೀಕ್ಷೆ. ಆಮೇಲೆ ಬೈಕ್ ಮೇಲೆ ತರಬೇತಿ, ಒಳಗಿನ ಅಂಗಳದ ಟೆಸ್ಟ್, ಕೊನೆಗೆ ರೋಡ್ ಟೆಸ್ಟ್. ಊರಿನ ಹಳೇ ಲೈಸೆನ್ಸ್ ಇದ್ದರೆ ಅನುಭವದ ಲೆಕ್ಕದಲ್ಲಿ ಕ್ಲಾಸಿನ ಗಂಟೆ ಕಮ್ಮಿ ಆಗುತ್ತೆ, ಹಾಗಾಗಿ ಒರಿಜಿನಲ್ ಲೈಸೆನ್ಸ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ಕಾರಿನ ಲೈಸೆನ್ಸ್ ಇದ್ದವರು ಬೈಕ್ ಓಡಿಸುವಂತಿಲ್ಲ, ಬೈಕಿನದ್ದು ಇದ್ದವರು ಕಾರು ಓಡಿಸುವಂತಿಲ್ಲ. ಎರಡೂ ಬೇರೆ ಬೇರೆ. ಡೆಲಿವರಿ ಮಾಡಲು ಅದರ ಮೇಲೆ ಇನ್ನೊಂದು ಪರ್ಮಿಟ್ಟೂ ಬೇಕು.

ಫೇಲಾದರೆ ಮತ್ತೆ ಕ್ಲಾಸು, ಮತ್ತೆ ಫೀಸು. ಒಂದೇ ಸಲಕ್ಕೆ ಪಾಸಾದರೂ ಖರ್ಚು ಸಾವಿರಾರು ದಿರ್ಹಂ. ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲೂ ಒಂದೇ ಕೈಯಲ್ಲಿ ಬೈಕ್ ಹತ್ತಿಸುವ ಹುಡುಗನೇ ಅಲ್ಲಿ ಫೇಲಾಗಬಹುದು. ಯಾಕೆಂದರೆ ಪರೀಕ್ಷಕ ನೋಡುವುದು ಧೈರ್ಯವನ್ನಲ್ಲ. ಲೇನ್ ಬದಲಿಸುವಾಗ ಕತ್ತು ತಿರುಗಿಸಿ ಹಿಂದೆ ನೋಡಿದ್ದೀಯಾ, ಇಂಡಿಕೇಟರ್ ಹಾಕಿದ್ದೀಯಾ, ಸ್ಟಾಪ್ ಬೋರ್ಡ್ ಕಂಡಾಗ ಪೂರ್ತಿ ನಿಂತಿದ್ದೀಯಾ ಅನ್ನುವುದನ್ನು. ಜತೆಗೆ ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಬದಿಯಲ್ಲಿ. ಸರ್ಕಲ್ಲಿನಲ್ಲಿ ಎಡಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಮೊದಲ ಕೆಲವು ವಾರ ಮೈಗೆ ಒಗ್ಗುವುದೇ ಇಲ್ಲ, ಅದರಲ್ಲೂ ಖಾಲಿ ರಸ್ತೆಯಲ್ಲಿ ತಿರುವು ತೆಗೆದುಕೊಳ್ಳುವಾಗ ಕೈ ತಾನಾಗಿ ಎಡಕ್ಕೆ ಹೋಗುತ್ತೆ.

ಮೊದಲ ಲೈಸೆನ್ಸ್ ಎರಡು ವರ್ಷಕ್ಕೆ, ನವೀಕರಣ ಆದರೆ ವಿದೇಶಿಯರಿಗೆ ಐದು ವರ್ಷಕ್ಕೆ ಸಿಗುತ್ತದೆ.

ಖರ್ಚು ಯಾರದ್ದು? ಇದನ್ನೇ ಮೊದಲು ಕೇಳಿ

ನೇಮಕಾತಿಯ ಖರ್ಚನ್ನು ಕಾರ್ಮಿಕನಿಂದ ನೇರವಾಗಿಯಾಗಲಿ ಸುತ್ತಿ ಬಳಸಿಯಾಗಲಿ ವಸೂಲಿ ಮಾಡುವಂತಿಲ್ಲ ಎಂದು ಯುಎಇಯ 2021ರ ಕಾರ್ಮಿಕ ಕಾನೂನು ಹೇಳುತ್ತದೆ. ಆದರೆ ಲೈಸೆನ್ಸ್ ತರಬೇತಿಯ ದುಡ್ಡನ್ನು 'ಸಾಲ' ಅಂತ ಬರೆದುಕೊಂಡು ತಿಂಗಳು ತಿಂಗಳು ಸಂಬಳದಲ್ಲಿ ಕಡಿಯುವ ಕಂಪನಿಗಳಿವೆ. 'ಕಂಪನಿಯೇ ಮಾಡಿಸಿ ಕೊಡುತ್ತೆ' ಅನ್ನುವ ಮಾತಿಗೆ ಎಷ್ಟೋ ಸಲ ಅರ್ಥ ಇದೇ. ಮಾಡಿಸುತ್ತಾರೆ, ದುಡ್ಡು ನಿಮ್ಮದು. ಅದಕ್ಕೇ ಏಜೆಂಟ್ ಹತ್ತಿರ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಲೈಸೆನ್ಸ್ ಖರ್ಚು ಯಾರು ಕೊಡುತ್ತಾರೆ? ಫೇಲಾದರೆ ಎರಡನೇ ಸಲದ್ದು ಯಾರದ್ದು? ಲೈಸೆನ್ಸ್ ಸಿಗುವವರೆಗಿನ ದಿನಗಳಿಗೆ ಸಂಬಳ ಉಂಟಾ? ಬೈಕಿನ ಬಾಡಿಗೆ, ಪೆಟ್ರೋಲು, ದಂಡ ಯಾರ ಲೆಕ್ಕಕ್ಕೆ? ಉತ್ತರ ಬಾಯಿಮಾತಲ್ಲಿ ಬೇಡ, ಆಫರ್ ಲೆಟರಿನಲ್ಲಿ ಇರಬೇಕು.

ಅಲ್ಲಿನ ಕಾರ್ಮಿಕ ಸಚಿವಾಲಯದ ಆಫರ್ ಲೆಟರ್ ಅರಬಿ, ಇಂಗ್ಲಿಷ್ ಜತೆಗೆ ಕಾರ್ಮಿಕನಿಗೆ ಅರ್ಥವಾಗುವ ಮೂರನೇ ಭಾಷೆಯಲ್ಲೂ ಇರಬೇಕೆಂಬ ನಿಯಮ 2016ರಲ್ಲಿ ಬಂತು. ಆಗ ಮಾಡಿದ 11 ಭಾಷೆಗಳ ಪಟ್ಟಿಯಲ್ಲಿ ಹಿಂದಿ, ಮಲಯಾಳಂ, ತಮಿಳು ಇವೆ, ಕನ್ನಡ ಇರಲಿಲ್ಲ. ಹಾಗಾಗಿ ನಮ್ಮವರು ಇಂಗ್ಲಿಷ್ ಬಲ್ಲ ಯಾರ ಹತ್ತಿರವಾದರೂ ಓದಿಸಿಕೊಂಡೇ ಸಹಿ ಹಾಕಬೇಕು. ಸಂಕೋಚ ಪಡುವ ವಿಷಯವಲ್ಲ ಇದು.

ವಿಸಿಟ್ ವೀಸಾದಲ್ಲಿ ಕಳಿಸಿ 'ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಸ್ತೇವೆ' ಅನ್ನುವವರಿಂದ ದೂರ ಇರುವುದು ಒಳ್ಳೆಯದು. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದೇ ಅಪರಾಧ. 2024ರಲ್ಲಿ ಆದ ತಿದ್ದುಪಡಿ ಪ್ರಕಾರ ಪರ್ಮಿಟ್ ಇಲ್ಲದೆ ಕೆಲಸ ಮಾಡಿಸುವ ಕಂಪನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡ. ಕಂಪನಿಗೆ ದಂಡ ಬಿದ್ದರೆ ಕಾರ್ಮಿಕನಿಗೇನು ಅಂದುಕೊಳ್ಳಬೇಡಿ, ಊರಿಗೆ ವಾಪಸ್ ಕಳಿಸಿದರೆ ಕೊಟ್ಟ ದುಡ್ಡು ಹೋದ ಹಾಗೆಯೇ.

ದಂಡದ ಲೆಕ್ಕ, ಬ್ಲ್ಯಾಕ್ ಪಾಯಿಂಟ್

ಹೆಲ್ಮೆಟ್ ಇಲ್ಲದಿದ್ದರೆ ನಮ್ಮಲ್ಲಿ 500 ರೂಪಾಯಿ, ಅಲ್ಲಿ 500 ದಿರ್ಹಂ ಮತ್ತು 4 ಬ್ಲ್ಯಾಕ್ ಪಾಯಿಂಟ್. ಮೊಬೈಲ್ ಹಿಡಿದು ಓಡಿಸಿದರೆ 800 ದಿರ್ಹಂ, 4 ಪಾಯಿಂಟ್. ಕೆಂಪು ಸಿಗ್ನಲ್ ಹಾರಿಸಿದರೆ 1,000 ದಿರ್ಹಂ, 12 ಪಾಯಿಂಟ್, ಗಾಡಿ 30 ದಿನ ಜಪ್ತಿ. ನಮ್ಮ ಊರಿನ ಹಾಗೆ 'ಇಲ್ಲೇ ಹತ್ತಿರ ಅಲ್ವಾ' ಅಂತ ರಾಂಗ್ ಸೈಡಿನಲ್ಲಿ ನುಗ್ಗಿದರೆ 600 ದಿರ್ಹಂ, 4 ಪಾಯಿಂಟ್, ಗಾಡಿ 7 ದಿನ ಜಪ್ತಿ. ಹೈವೇ ಅಂಚಿನ ಹಳದಿ ಗೆರೆಯ ಆಚೆ ಓಡಿಸಿದರೆ 1,000 ದಿರ್ಹಂ, 6 ಪಾಯಿಂಟ್.

ಪಾಯಿಂಟ್ ಒಟ್ಟು 24 ಆದರೆ ಲೈಸೆನ್ಸ್ ಮೊದಲ ಸಲ ಮೂರು ತಿಂಗಳು ಅಮಾನತು, ಎರಡನೇ ಸಲ ಆರು ತಿಂಗಳು, ಮೂರನೇ ಸಲ ಒಂದು ವರ್ಷ. ಡೆಲಿವರಿ ಹುಡುಗನಿಗೆ ಇದರ ಅರ್ಥ ಬೇರೆ ಹೇಳಬೇಕಿಲ್ಲ. ಆರ್ಡರ್‌ಗೆ ಇಷ್ಟು ಅಂತ ದುಡಿಯುವವನಿಗೆ ಲೈಸೆನ್ಸ್ ಇಲ್ಲದ ಮೂರು ತಿಂಗಳು ಎಂದರೆ ಆದಾಯ ಸೊನ್ನೆ, ರೂಮ್ ಬಾಡಿಗೆ ಮಾತ್ರ ನಿಲ್ಲಲ್ಲ. ಎರಡು ಸಲ ಸಿಗ್ನಲ್ ಹಾರಿಸಿದರೆ 24 ತುಂಬಿತು. ಊಟ ಐದು ನಿಮಿಷ ತಡವಾದರೆ ಗಿರಾಕಿ ಬೈಯ್ಯಬಹುದು, ಆದರೆ ಆ ಬೈಗುಳಕ್ಕೆ ಪಾಯಿಂಟ್ ಇಲ್ಲ.

ವೇಗದ ವಿಷಯದಲ್ಲಿ ಒಂದು ಸೂಕ್ಷ್ಮ ಉಂಟು. ದುಬೈಯಲ್ಲಿ ಬೋರ್ಡಿನಲ್ಲಿ ಬರೆದ ಮಿತಿಗಿಂತ 20 ಕಿ.ಮೀ. ಮೇಲೆ ಹೋದಾಗ ಕ್ಯಾಮೆರಾ ಹೊಡೆಯುತ್ತೆ. ಅಬುಧಾಬಿಯಲ್ಲಿ ಆ ರಿಯಾಯಿತಿಯನ್ನು 2018ರಲ್ಲೇ ತೆಗೆದಿದ್ದಾರೆ. ದುಬೈ ಅಭ್ಯಾಸದಲ್ಲಿ ಅಬುಧಾಬಿ ಗಡಿ ದಾಟಿದವನಿಗೆ ಮೊಬೈಲಿನಲ್ಲಿ ಮೆಸೇಜು ಬಂದಾಗಲೇ ಗೊತ್ತಾಗುವುದು.

ಡೆಲಿವರಿ ಬೈಕ್‌ಗಳಿಗೆಂದೇ ದುಬೈಯಲ್ಲಿ 2025ರ ನವೆಂಬರ್ 1ರಿಂದ ಹೊಸ ನಿಯಮ ಬಂದಿದೆ. ಐದು ಅಥವಾ ಹೆಚ್ಚು ಲೇನ್ ಇರುವ ರಸ್ತೆಯಲ್ಲಿ ಎಡಗಡೆಯ ಎರಡು ಲೇನ್, ಮೂರು-ನಾಲ್ಕು ಲೇನಿನ ರಸ್ತೆಯಲ್ಲಿ ಎಡಗಡೆಯ ಒಂದು ಲೇನ್ ಇವರಿಗೆ ನಿಷೇಧ. ಎಡಗಡೆ ಅಲ್ಲಿ ವೇಗದ ಲೇನ್ ಎಂಬುದು ನೆನಪಿರಲಿ. ಮೊದಲ ಸಲ 500 ದಿರ್ಹಂ, ಎರಡನೇ ಸಲ 700, ಮೂರನೇ ಸಲ ಡೆಲಿವರಿ ಪರ್ಮಿಟ್ಟೇ ಅಮಾನತು. ಶಾರ್ಜಾದಲ್ಲೂ ಅದೇ ದಿನದಿಂದ ಬೈಕ್‌ಗಳಿಗೆ ಲೇನ್ ನಿಗದಿ ಮಾಡಿದ್ದಾರೆ.

ಗಾಡಿ ಕಂಪನಿಯ ಹೆಸರಲ್ಲಿರುವುದರಿಂದ ದಂಡ ಮೊದಲು ಕಂಪನಿಗೆ ಹೋಗುತ್ತೆ, ಆಮೇಲೆ ಸಂಬಳದಲ್ಲಿ ಕಡಿತವಾಗಿ ಕಾಣುತ್ತೆ. ಇನ್ನೊಬ್ಬ ಓಡಿಸಿದಾಗಿನ ದಂಡವೂ ನಿಮ್ಮ ತಲೆಗೆ ಬರಬಾರದೆಂದರೆ ಬೈಕ್ ಕೈಗೆ ಬಂದ ದಿನ, ವಾಪಸ್ ಕೊಟ್ಟ ದಿನ, ಗಂಟೆ ಬರೆದಿಡಿ, ಒಂದು ಫೋಟೋ ತೆಗೆದಿಡಿ. ಪೊಲೀಸ್ ಆ್ಯಪಿನಲ್ಲಿ ನಂಬರ್ ಹಾಕಿದರೆ ದಂಡದ ದಿನ, ಜಾಗ, ಸಮಯ ಸಿಗುತ್ತದೆ.

ಆ್ಯಕ್ಸಿಡೆಂಟ್ ಆದರೆ

ಸಣ್ಣದಾದರೂ ಪೊಲೀಸ್ ರಿಪೋರ್ಟ್ ಇಲ್ಲದೆ ಗ್ಯಾರೇಜಿನವರು ಗಾಡಿ ಮುಟ್ಟಲ್ಲ. 'ಇರಲಿ ಬಿಡಿ ಅಣ್ಣ' ಅಂತ ಮಾತಾಡಿ ಮುಗಿಸುವ ಪದ್ಧತಿ ಅಲ್ಲಿಲ್ಲ. ಗಾಯವಾಗಿದ್ದರೆ 999ಕ್ಕೆ ಫೋನ್ ಮಾಡಬೇಕು, ಜಾಗ ಬಿಟ್ಟು ಹೋಗಲೇಬಾರದು. ಜನರಿಗೆ ಗಾಯವಾಗಿರುವ ಆ್ಯಕ್ಸಿಡೆಂಟಿನಲ್ಲಿ ಓಡಿ ಹೋದರೆ ಜೈಲು, 50,000 ದಿರ್ಹಂನಿಂದ ಮೇಲೆ ದಂಡ.

ಸಾವು ಸಂಭವಿಸಿ ತಪ್ಪು ನಿಮ್ಮದೆಂದು ತೀರ್ಮಾನವಾದರೆ 2 ಲಕ್ಷ ದಿರ್ಹಂ 'ದಿಯಾ', ಅಂದರೆ ಪರಿಹಾರ ಧನ. ನಮ್ಮ ಲೆಕ್ಕದಲ್ಲಿ 46 ಲಕ್ಷ ರೂಪಾಯಿ ಮೇಲೆ. ಸಾಮಾನ್ಯವಾಗಿ ಇದನ್ನು ಗಾಡಿಯ ವಿಮೆ ಭರಿಸುತ್ತದೆ. ಆದರೆ ಓಡಿಸಿದವನ ಹತ್ತಿರ ಸರಿಯಾದ ಲೈಸೆನ್ಸ್ ಇಲ್ಲದಿದ್ದರೆ ವಿಮಾ ಕಂಪನಿ ಆ ಹಣವನ್ನು ಅವನಿಂದಲೇ ವಾಪಸ್ ಕೇಳಬಹುದು. ಕೇಸು ಮುಗಿಯುವವರೆಗೆ ಊರಿಗೆ ಬರಲಾಗದ ಸ್ಥಿತಿಯೂ ಬರಬಹುದು. 'ಲೈಸೆನ್ಸ್ ಬರುವವರೆಗೆ ಗಲ್ಲಿಯೊಳಗೆ ಸುಮ್ಮನೆ ಓಡಿಸು' ಅಂತ ಯಾರಾದರೂ ಹೇಳಿದರೆ ಈ 46 ಲಕ್ಷ ನೆನಪಾಗಲಿ. ಕುಡಿದು ಓಡಿಸುವ ಮಾತಂತೂ ಬೇಡವೇ ಬೇಡ, ಅಲ್ಲಿ ಒಂದು ಗುಟುಕಿಗೂ ಮಾಫಿ ಇಲ್ಲ. ದಂಡ ಶುರುವಾಗುವುದೇ 20,000 ದಿರ್ಹಂನಿಂದ.

ಕುವೈತಿನಲ್ಲಿರುವ ಭಾವ ಹೇಳಿದ್ದು ದುಬೈಗೆ ನಡೆಯಲ್ಲ

ಗಲ್ಫ್ ಎಂದರೆ ಎಲ್ಲಾ ಒಂದೇ ಅಂದುಕೊಳ್ಳುವವರು ಹೆಚ್ಚು. ಕುವೈತಿನಲ್ಲಿ ವಿದೇಶಿಯರಿಗೆ ಲೈಸೆನ್ಸ್ ಸಿಗಲು ಡಿಗ್ರಿ, 600 ದಿನಾರ್ ಸಂಬಳ, ಎರಡು ವರ್ಷದ ವಾಸ ಎಂಬ ಷರತ್ತುಗಳನ್ನು 2014ರಲ್ಲಿ ತಂದರು, ಕೆಲವು ವೃತ್ತಿಯವರಿಗೆ ವಿನಾಯಿತಿ ಇದೆ. ಯುಎಇಯಲ್ಲಿ ಅಂಥ ಸಂಬಳದ ಷರತ್ತಿಲ್ಲ. ಒಂದು ದೇಶದ ಅನುಭವ ಇನ್ನೊಂದಕ್ಕೆ ಹೊಂದಲ್ಲ, ಹೋಗುವ ದೇಶದಲ್ಲೇ ಇರುವವರನ್ನು ಕೇಳಿ.

ಊರು ಬಿಡುವ ಮೊದಲು

ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ವರ್ಗದ್ದು. ಅವರು ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಎಮಿಗ್ರೇಷನ್ ಕ್ಲಿಯರೆನ್ಸ್ ಪಡೆಯಬೇಕು. ಇದಕ್ಕೆ ಬೆಂಗಳೂರಿನಲ್ಲಿ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿ ಇದೆ. ಜತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿವರೆಗೆ ವಿಮೆ. ದಿನವಿಡೀ ಬೈಕ್ ಮೇಲಿರುವವನಿಗೆ ಇದಕ್ಕಿಂತ ಅಗ್ಗದ ರಕ್ಷಣೆ ಇಲ್ಲ. ವಿಸಿಟ್ ವೀಸಾದಲ್ಲಿ ಹಾರಿದವರಿಗೆ ಈ ಕ್ಲಿಯರೆನ್ಸೂ ಇಲ್ಲ, ವಿಮೆಯೂ ಇಲ್ಲ.

ಏಜೆಂಟ್ ನೋಂದಾಯಿತರೇ ಎಂಬುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ, ರಸೀದಿ ಕೊಡಬೇಕು. ಲಕ್ಷ ಕೇಳುವವರು ಯಾವ ಲೆಕ್ಕದಲ್ಲಿ ಕೇಳುತ್ತಾರೆ ಎಂದು ಮನೆಯವರೂ ಜತೆಗೆ ಕೂತು ವಿಚಾರಿಸಬೇಕು.

ಅಲ್ಲಿ ಸಂಬಳ, ಪಾಸ್‌ಪೋರ್ಟ್, ಕಡಿತದ ತಕರಾರು ಇದ್ದರೆ ಭಾರತೀಯ ರಾಯಭಾರ ಕಚೇರಿಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 800 46342. ಯುಎಇ ಕಾರ್ಮಿಕ ಸಚಿವಾಲಯದ ನಂಬರ್ 600590000.

ಇನ್ನು ಊರಿನ ಲೈಸೆನ್ಸ್. ಗಲ್ಫಿನಲ್ಲಿರುವಾಗ ಅದರ ಅವಧಿ ಮುಗಿದು ಹೋಗುವುದು ಸಾಮಾನ್ಯ. ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು, ಮುಗಿದ ಮೇಲೂ ಒಂದು ವರ್ಷದೊಳಗೆ ಟೆಸ್ಟ್ ಇಲ್ಲದೆ ಆಗುತ್ತದೆ. ಅದೂ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ರಜೆಯಲ್ಲಿ ಬಂದಾಗ ಮದುವೆ, ಕೋಲ, ಜಾತ್ರೆ ಅಂತ ಓಡಾಡುವ ನಡುವೆ ಕಾರ್ಡ್ ತೆಗೆದು ದಿನಾಂಕ ನೋಡಿಕೊಳ್ಳಿ.